ಹಂದಿ ವೀರ್ಯವನ್ನು ದ್ರವ ರೂಪದಲ್ಲಿ ಕೆಡದಂತೆ ಇಡುವುದು ಹೇಗೆ?

"ಹಸುವಿನ ವೀರ್ಯ ನೈಟ್ರೋಜನ್ ಕ್ಯಾನಿನಲ್ಲಿ ವರ್ಷಗಟ್ಟಲೆ ಇರುತ್ತೆ, ಹಂದಿಯದ್ದು ಯಾಕೆ ಮೂರೇ ದಿನಕ್ಕೆ ಸಾಯುತ್ತೆ?" "ಮನೆ ಫ್ರಿಜ್‌ನಲ್ಲಿ ಇಟ್ಟರೆ ಆಗಲ್ವಾ?" "ಬಾಟಲಿ ತಳದಲ್ಲಿ ಬಿಳಿ ಕೂತಿದೆ, ಕೆಟ್ಟಿದೆಯಾ?" ಕೃತಕ ಗರ್ಭಧಾರಣೆ ಶುರು ಮಾಡಿದ ಹಂದಿ ಸಾಕಣೆಗಾರರು ತಿರುಗಿ ತಿರುಗಿ ಕೇಳುವುದು ಈ ಮೂರನ್ನೇ. ಹಾಗಾಗಿ ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಶೇಖರಣೆಯಿಂದ ವೀರ್ಯ ಉತ್ತಮವಾಗುವುದಿಲ್ಲ. ಸಂಗ್ರಹಿಸಿದ ಕ್ಷಣದಲ್ಲಿ ಇದ್ದ ಗುಣಮಟ್ಟವೇ ಗರಿಷ್ಠ, ಅಲ್ಲಿಂದ ಮುಂದೆ ಇಳಿಯುವುದೊಂದೇ. ನಾವು ಮಾಡುವ ಕೆಲಸವೆಲ್ಲ ಆ ಇಳಿತವನ್ನು ನಿಧಾನ ಮಾಡುವುದು.

ಯಾಕೆ 17 ಡಿಗ್ರಿ?

ಈ ಕಾರಣ ಒಂದು ಗೊತ್ತಿದ್ದರೆ ಉಳಿದ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಕಂಡುಕೊಳ್ಳಬಹುದು. ವೀರ್ಯಾಣುವಿನ ಹೊರಪೊರೆ ಮುಖ್ಯವಾಗಿ ಕೊಬ್ಬು ಮತ್ತು ಪ್ರೋಟೀನಿನಿಂದ ಆಗಿರುತ್ತದೆ. ಹಂದಿಯ ವೀರ್ಯಾಣುವಿನ ಪೊರೆಯಲ್ಲಿ ಕೊಲೆಸ್ಟ್ರಾಲ್ ಪ್ರಮಾಣ ಕಡಿಮೆ, ಬೇಗ ಹಾಳಾಗುವ ಅಪರ್ಯಾಪ್ತ ಕೊಬ್ಬು ಜಾಸ್ತಿ. ಬಿಸಿ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಪೊರೆ ಎಲ್ಲ ಕಡೆ ಒಂದೇ ಸಮ ಗಟ್ಟಿಯಾಗುವುದಿಲ್ಲ. ಅಲ್ಲಲ್ಲಿ ಸಡಿಲಾಗಿ ಒಳಗಿನದು ಹೊರಗೆ, ಹೊರಗಿನ ಕ್ಯಾಲ್ಸಿಯಂ ಒಳಗೆ ಸೋರುತ್ತದೆ. ಇದನ್ನೇ ಕೋಲ್ಡ್ ಶಾಕ್, ಅಂದರೆ ಚಳಿ ಹೊಡೆತ ಅನ್ನುವುದು. ಆದ ಹಾನಿ ಮತ್ತೆ ಬೆಚ್ಚಗೆ ಮಾಡಿದರೆ ಸರಿಹೋಗುವುದಿಲ್ಲ.

ಹಾಗಂತ ಬೆಚ್ಚಗೆ ಇಟ್ಟರೂ ಆಗದು. 20 ಡಿಗ್ರಿ ದಾಟಿದರೆ ವೀರ್ಯಾಣುಗಳು ಸುಮ್ನೆ ಈಜಾಡಿ ಶಕ್ತಿ ಕಳೆದುಕೊಳ್ಳುತ್ತವೆ, ಬ್ಯಾಕ್ಟೀರಿಯಾಗಳೂ ಬೇಗ ಹೆಚ್ಚುತ್ತವೆ. ನಮಗೆ ಸಿಗುವುದು 15ರಿಂದ 18ರವರೆಗಿನ ಚಿಕ್ಕ ಜಾಗ ಮಾತ್ರ. ಗುರಿ 17. ಸಾಮಾನ್ಯ ಫ್ರಿಜ್ 4 ಡಿಗ್ರಿ ಆಸುಪಾಸು ಇರುವುದರಿಂದ ಅದು ಬೇಡವೇ ಬೇಡ, ಅದರ ಬಾಗಿಲಿನ ಅರೆಯೂ ಬೇಡ. ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿದ ಹಂದಿ ವೀರ್ಯವೂ ಉಂಟು. ಆದರೆ ಗರ್ಭ ನಿಲ್ಲುವ ಪ್ರಮಾಣ ಮತ್ತು ಮರಿಗಳ ಸಂಖ್ಯೆ ಎರಡೂ ಕಡಿಮೆ ಬರುವುದರಿಂದ ಜಗತ್ತಿನ ಎಲ್ಲ ಕಡೆ ಹೆಚ್ಚಿನ ಪಾಲು ದ್ರವ ವೀರ್ಯವೇ ಬಳಕೆಯಲ್ಲಿದೆ.

ಏನೇನು ಬೇಕು?

17 ಡಿಗ್ರಿಯ ಶೇಖರಣಾ ಪೆಟ್ಟಿಗೆ, ಬಿಸಿ ಆರದ ಸಂಗ್ರಹ ಲೋಟ, ಸೋಸುವ ಬಟ್ಟೆ ಅಥವಾ ಫಿಲ್ಟರ್, ಪೌಡರ್ ಇಲ್ಲದ ವಿನೈಲ್ ಕೈಗವಸು, ವಾಟರ್ ಬಾತ್ (ಒಂದೇ ಬಿಸಿಯಲ್ಲಿ ಇರುವ ನೀರಿನ ತೊಟ್ಟಿ), ಡಿಜಿಟಲ್ ತಕ್ಕಡಿ, ಎರಡು ಥರ್ಮಾಮೀಟರ್, ಬಿಸಿ ಮಾಡುವ ತಟ್ಟೆ ಇರುವ ಸೂಕ್ಷ್ಮದರ್ಶಕ, ಎಣಿಕೆ ಗಾಜು, ಡಿಸ್ಟಿಲ್ಡ್ ನೀರು, ಎಕ್ಸ್‌ಟೆಂಡರ್ ಪುಡಿ, ಡೋಸ್ ತುಂಬುವ ಟ್ಯೂಬ್ ಅಥವಾ ಚೀಲ. ಪಟ್ಟಿ ಉದ್ದ ಇದೆ ನಿಜ. ಒಂದು ಕಡೆ ದುಡ್ಡು ಉಳಿಸಲೇಬೇಕು ಅಂದರೆ ಸೂಕ್ಷ್ಮದರ್ಶಕದಲ್ಲಿ ಉಳಿಸಿ, ಶೇಖರಣಾ ಪೆಟ್ಟಿಗೆಯಲ್ಲಿ ಬೇಡ.

ಹಂತ 1: ಎಕ್ಸ್‌ಟೆಂಡರ್ ಮೊದಲು, ಹಂದಿ ಆಮೇಲೆ

ಎಕ್ಸ್‌ಟೆಂಡರ್ ಅಂದರೆ ವೀರ್ಯಕ್ಕೆ ಬೆರೆಸುವ ಪೋಷಕ ದ್ರಾವಣ. ವೀರ್ಯದ ಪ್ರಮಾಣ ಹೆಚ್ಚಿಸುವುದು ಅದರ ಒಂದು ಕೆಲಸ ಅಷ್ಟೇ. ಅದರಲ್ಲಿರುವ ಗ್ಲೂಕೋಸ್ ವೀರ್ಯಾಣುವಿಗೆ ಆಹಾರ. ಬೈಕಾರ್ಬೊನೇಟ್ ಮತ್ತು ಸಿಟ್ರೇಟ್ ಹುಳಿ-ಕ್ಷಾರದ ಮಟ್ಟವನ್ನು, ಅಂದರೆ ಪಿಎಚ್ ಅನ್ನು, ಹತೋಟಿಯಲ್ಲಿ ಇಡುತ್ತವೆ. ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ.

ಎಲ್ಲರ ಬಾಯಲ್ಲೂ ಇರುವ ಬಿಟಿಎಸ್ (ಬೆಲ್ಟ್ಸ್‌ವಿಲ್ ಥಾಯಿಂಗ್ ಸೊಲ್ಯೂಷನ್) ಅನ್ನುವ ಎಕ್ಸ್‌ಟೆಂಡರ್ 1975ರಲ್ಲಿ ಬಂದದ್ದು. ತಮಾಷೆ ಅಂದರೆ ಅದನ್ನು ಮಾಡಿದ್ದು ಹೆಪ್ಪುಗಟ್ಟಿದ ವೀರ್ಯವನ್ನು ಕರಗಿಸಲಿಕ್ಕೆ, ದ್ರವ ಶೇಖರಣೆಯಲ್ಲಿ ಅದರ ಹೆಸರು ಓಡಿದ್ದು ಆಮೇಲೆ. ಒಂದು ಲೀಟರಿಗೆ ಗ್ಲೂಕೋಸ್ 37 ಗ್ರಾಂ, ಸೋಡಿಯಂ ಸಿಟ್ರೇಟ್ 6 ಗ್ರಾಂ, ಸೋಡಿಯಂ ಬೈಕಾರ್ಬೊನೇಟ್ 1.25 ಗ್ರಾಂ, ಇಡಿಟಿಎ 1.25 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.75 ಗ್ರಾಂ. ಇದು ಕಡಿಮೆ ಅವಧಿಯ ಎಕ್ಸ್‌ಟೆಂಡರ್, 2-3 ದಿನದೊಳಗೆ ಬಳಸುವವರಿಗೆ ಸಾಕು. ಆಂಡ್ರೊಹೆಪ್‌ನಂಥವು ಇನ್ನೂ ಸ್ವಲ್ಪ ದಿನ ತಾಳುತ್ತವೆ. ವಾರದವರೆಗೆ ಇಡಬೇಕು ಅನ್ನುವವರಿಗೆ ದೀರ್ಘಾವಧಿಯ ಎಕ್ಸ್‌ಟೆಂಡರ್ ಬೇರೆ ಸಿಗುತ್ತದೆ. ನಿಮ್ಮಲ್ಲಿ ಸಂಗ್ರಹಿಸಿದ ಎರಡನೇ ದಿನಕ್ಕೇ ಎಲ್ಲ ಖಾಲಿ ಆಗುತ್ತದೆ ಅಂದರೆ ದೀರ್ಘಾವಧಿಯದ್ದು ಕೊಳ್ಳುವುದು ದಂಡ.

ಇಲ್ಲಿ ಎಡವುವುದು ಹೆಚ್ಚಾಗಿ ನೀರಿನಲ್ಲಿ. ನಲ್ಲಿ ನೀರು, ಕುಡಿಯುವ ನೀರಿನ ಬಾಟಲಿ, ಕುದಿಸಿ ಆರಿಸಿದ ನೀರು ಯಾವುದೂ ಆಗದು. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಲವಣ ಎಲ್ಲಿಗೆ ಹೋಗುತ್ತದೆ? ಡಿಸ್ಟಿಲ್ಡ್ ಅಥವಾ ಲವಣ ಪೂರ್ತಿ ತೆಗೆದ ನೀರೇ ಬೇಕು. ನೀರು ಶುದ್ಧ ಮಾಡುವ ಯಂತ್ರ ಇಟ್ಟುಕೊಂಡವರು ಅದರ ಪೈಪಿನ ಒಳಗೆ ಬೆರಳು ಸವರಿ ನೋಡಿ. ಲೋಳೆ ತಗುಲಿದರೆ ಅದು ಬ್ಯಾಕ್ಟೀರಿಯಾಗಳ ಪದರ. ಅಂಥ ಪೈಪ್ ತೊಳೆಯುತ್ತ ಕೂರಬೇಡಿ, ಬದಲಿಸಿ.

ಪ್ಯಾಕೆಟ್ಟನ್ನು ಅರ್ಧರ್ಧ ಬಳಸಬೇಡಿ. ಪುಡಿಯಲ್ಲಿ ಹಲವು ಪದಾರ್ಥಗಳಿವೆ, ಸಾಗಿಸುವಾಗ ಭಾರದ್ದು ಕೆಳಗೆ ಹಗುರದ್ದು ಮೇಲೆ ಆಗಿರುತ್ತದೆ. ಐದು ಲೀಟರಿನ ಪ್ಯಾಕೆಟ್ ಆದರೆ ಐದು ಲೀಟರ್ ಮಾಡಿ, ಅಥವಾ ಚಿಕ್ಕ ಪ್ಯಾಕೆಟ್ ಕೊಳ್ಳಿ. ಕರಗಿಸಿದ ಮೇಲೆ ಕನಿಷ್ಠ 45 ನಿಮಿಷದಿಂದ ಒಂದು ಗಂಟೆ ಬಿಡಿ, ಪಿಎಚ್ ನೆಲೆಗೆ ಬರಲು ಅಷ್ಟು ಹೊತ್ತು ಬೇಕು. ವೀರ್ಯ ಸಂಗ್ರಹಿಸಿಕೊಂಡು ಬಂದು ಆಮೇಲೆ ಪುಡಿ ಕಲಸಲು ಕೂತರೆ ಈ ಒಂದು ಗಂಟೆ ಎಲ್ಲಿಂದ ತರುತ್ತೀರಿ? ಮಾಡಿದ ದ್ರಾವಣವನ್ನು 24 ಗಂಟೆಯೊಳಗೆ ಬಳಸಿ, ಉಳಿದದ್ದು ಚೆಲ್ಲಿ.

ಹಂತ 2: ಸಂಗ್ರಹ

ಗಂಡು ಹಂದಿಯ ಹೊಟ್ಟೆಯಡಿ ಶಿಶ್ನದ ಚೀಲದ ಸುತ್ತ ಇರುವ ಕೂದಲನ್ನು ಆಗಾಗ ಕತ್ತರಿಸಿ. ಸಂಗ್ರಹದ ಮೊದಲು ಚೀಲವನ್ನು ಒತ್ತಿ ಒಳಗೆ ನಿಂತ ಮೂತ್ರ, ಕೊಳಕು ದ್ರವ ಪೂರ್ತಿ ಹೊರಗೆ ಹಾಕಿ, ಒಣ ಕಾಗದದಿಂದ ಒರೆಸಿ. ಎರಡು ಜೊತೆ ಕೈಗವಸು ಹಾಕಿಕೊಂಡು, ಒತ್ತುವ ಕೆಲಸ ಮುಗಿದ ಮೇಲೆ ಹೊರಗಿನದನ್ನು ತೆಗೆದರೆ ಕೈ ಸ್ವಚ್ಛವಾಗಿ ಇರುತ್ತದೆ. ಲೇಟೆಕ್ಸ್ ಕೈಗವಸು ಬೇಡ, ಅದು ವೀರ್ಯಾಣುಗಳಿಗೆ ವಿಷ.

ಮೊದಲು ಬರುವ ಸುಮಾರು 25 ಮಿ.ಲೀ. ತಿಳಿ ದ್ರವ ಬಿಟ್ಟುಬಿಡಿ. ಅದರಲ್ಲಿ ವೀರ್ಯಾಣು ಇಲ್ಲ, ಬ್ಯಾಕ್ಟೀರಿಯಾ ತುಂಬಿರುತ್ತದೆ. ಆಮೇಲೆ ಬರುವ ಗಟ್ಟಿ ಬಿಳಿ ಭಾಗ ನಮಗೆ ಬೇಕಾದ್ದು. ಜೊತೆಗೆ ಬರುವ ಗುಂಡು ಗುಂಡಾದ ಅಂಟಂಟು ಜೆಲ್ ಫಿಲ್ಟರಿನಲ್ಲೇ ನಿಲ್ಲಬೇಕು. ಜೆಲ್ ಒಳಗೆ ಬಿದ್ದರೆ ವೀರ್ಯಾಣುಗಳು ಅದಕ್ಕೆ ಅಂಟಿ ಗುಂಪಾಗುತ್ತವೆ. ಲೋಟ 37 ಡಿಗ್ರಿಗೆ ಬೆಚ್ಚಗಾಗಿರಲಿ ಮತ್ತು ಪೂರ್ತಿ ಒಣಗಿರಲಿ. ತೊಳೆದ ಲೋಟದಲ್ಲಿ ಉಳಿದ ಒಂದೆರಡು ಹನಿ ನೀರಿಗೂ ವೀರ್ಯಾಣು ಊದಿಕೊಂಡು ಬಾಲ ಸುರುಳಿ ಸುತ್ತಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಸುರುಳಿ ಬಾಲ ಜಾಸ್ತಿ ಕಂಡರೆ, ಹಂದಿಯನ್ನು ದೂರುವ ಮೊದಲು ನೀರು ಎಲ್ಲಿ ತಾಗಿತು ಅಂತ ಹುಡುಕಿ.

ಹಂತ 3: ನೋಡುವುದು, ಎಣಿಸುವುದು

ಸಂಗ್ರಹಿಸಿ 15 ನಿಮಿಷದೊಳಗೆ ಎಕ್ಸ್‌ಟೆಂಡರ್ ಸೇರಿರಬೇಕು. ಹಾಗಾಗಿ ಇಲ್ಲಿ ಕೈ ಚುರುಕಾಗಿ ಓಡಲಿ. ಎಣಿಕೆಗೆ ಹೊತ್ತು ಹಿಡಿಯುತ್ತದೆ ಅನಿಸಿದರೆ, ಒಂದು ಪಾಲು ವೀರ್ಯಕ್ಕೆ ಒಂದು ಪಾಲು ಎಕ್ಸ್‌ಟೆಂಡರ್ ಮೊದಲೇ ಬೆರೆಸಿ ಇಟ್ಟು ಆಮೇಲೆ ಲೆಕ್ಕಕ್ಕೆ ಕೂರಿ. ಬೆರೆಸುವ ಮೊದಲು ಎಣಿಕೆಗೆ ಸ್ವಲ್ಪ ತೆಗೆದಿಟ್ಟುಕೊಳ್ಳುವುದು ಮಾತ್ರ ಮರೆಯಬೇಡಿ.

ಪ್ರಮಾಣವನ್ನು ತಕ್ಕಡಿಯಲ್ಲಿ ತೂಗಿ, 1 ಗ್ರಾಂ ಅಂದರೆ 1 ಮಿ.ಲೀ. ಅಂತ ಹಿಡಿಯಿರಿ. ಅಳತೆ ಪಾತ್ರೆಗೆ ಸುರಿದರೆ ಇನ್ನೊಂದು ಪಾತ್ರೆಯ ಕೊಳಕು, ಇನ್ನೊಂದು ಸಲ ತಣಿಯುವುದು, ಎರಡೂ ಆಗುತ್ತದೆ. ಬಣ್ಣ ಹಾಲು ಬಿಳಿಯಿಂದ ಕೆನೆ ಬಣ್ಣದವರೆಗೆ ಇರಬೇಕು. ಕೆಂಪು ಛಾಯೆ ಇದ್ದರೆ ರಕ್ತ, ಹಳದಿ ಮತ್ತು ಮೂತ್ರದ ವಾಸನೆ ಇದ್ದರೆ ಮೂತ್ರ. ಎರಡನ್ನೂ ಬಳಸಬೇಡಿ.

ಚಲನೆ ನೋಡಲು ಗಾಜನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿ ಒಂದು ಹನಿ ಇಟ್ಟು ಮೇಲೆ ತೆಳು ಗಾಜು ಮುಚ್ಚಿ. ನೂರರಲ್ಲಿ 70 ಆದರೂ ಚಲಿಸುತ್ತಿರಬೇಕು. ಅದಕ್ಕಿಂತ ಕಡಿಮೆ ಇದ್ದದ್ದನ್ನು ಶೇಖರಿಸಲು ಹೋಗಬೇಡಿ. ಆ ಹಂದಿಗೆ ಇತ್ತೀಚೆಗೆ ಜ್ವರವೋ ಬಿಸಿಲ ಹೊಡೆತವೋ ಆಗಿತ್ತಾ ನೆನಪು ಮಾಡಿಕೊಳ್ಳಿ. ವೀರ್ಯಾಣು ತಯಾರಾಗಿ ಹೊರಬರಲು ಆರೇಳು ವಾರ ಬೇಕಾಗುವುದರಿಂದ ಹಿಂದಿನ ತಿಂಗಳ ಸೆಕೆಯ ಫಲ ಈ ತಿಂಗಳು ಕಾಣಬಹುದು.

ಎಣಿಕೆಗೆ ನ್ಯೂಬಾವರ್ ಗಾಜು ಸಾಕು. ಇದು ಚೌಕಗಳನ್ನು ಕೊರೆದಿರುವ ದಪ್ಪ ಗಾಜು. ಒಂದು ಪಾಲು ವೀರ್ಯಕ್ಕೆ 99 ಪಾಲು ಫಾರ್ಮಲಿನ್ ಬೆರೆತ ಉಪ್ಪು ದ್ರಾವಣ ಹಾಕಿ. ವೀರ್ಯಾಣುಗಳು ಸತ್ತು ನಿಂತರೆ ತಾನೇ ಎಣಿಸಲು ಆಗುವುದು? ನಡುವಿನ 25 ಚೌಕಗಳಲ್ಲಿ ನಾಲ್ಕು ಮೂಲೆಯವು ಮತ್ತು ಮಧ್ಯದ್ದು, ಹೀಗೆ 5 ಚೌಕ ಎಣಿಸಿ. ಒಟ್ಟು 40 ಸಿಕ್ಕಿತು ಅನ್ನಿ. 25 ಚೌಕಕ್ಕೆ 200. ಅದನ್ನು 10,000ದಿಂದ, ಆಮೇಲೆ 100ರಿಂದ ಗುಣಿಸಿದರೆ ಪ್ರತಿ ಮಿ.ಲೀ.ಗೆ 20 ಕೋಟಿ. ವೀರ್ಯ 250 ಮಿ.ಲೀ. ಇದ್ದರೆ ಒಟ್ಟು 5,000 ಕೋಟಿ.

ಒಂದು ಡೋಸಿಗೆ ಸಾಮಾನ್ಯವಾಗಿ 200ರಿಂದ 300 ಕೋಟಿ ವೀರ್ಯಾಣು, 80ರಿಂದ 100 ಮಿ.ಲೀ. ಇರುತ್ತದೆ. ನಾವು 300 ಕೋಟಿ, 80 ಮಿ.ಲೀ. ಹಿಡಿದರೆ 16 ಡೋಸ್, ಒಟ್ಟು 1,280 ಮಿ.ಲೀ. ಇದರಲ್ಲಿ ವೀರ್ಯದ 250 ಕಳೆದರೆ ಬೇಕಾದ ಎಕ್ಸ್‌ಟೆಂಡರ್ 1,030 ಮಿ.ಲೀ. ಮೊದಲೇ ಒಂದು ಪಾಲು ಬೆರೆಸಿದ್ದರೆ ಅದೂ ಈ ಲೆಕ್ಕದ ಒಳಗೇ ಬರಬೇಕು. ಚಲನೆ 70ರ ಹತ್ತಿರ ಇದ್ದರೆ ಡೋಸ್ ಸಂಖ್ಯೆ ಇಳಿಸಿ. ಒಂದೆರಡು ಡೋಸ್ ಜಾಸ್ತಿ ಮಾಡುವ ಆಸೆಗೆ ತೀರಾ ತೆಳ್ಳಗೆ ಮಾಡಿದರೆ ವೀರ್ಯಾಣುಗಳನ್ನು ಕಾಯುವ ಮೂಲ ದ್ರವದ ಅಂಶವೂ ತೆಳ್ಳಗಾಗಿ ಬೇಗ ಸೊರಗುತ್ತವೆ.

ಹಂತ 4: ಬೆರೆಸುವುದು

ಎರಡು ಥರ್ಮಾಮೀಟರ್ ಕೇಳಿದ್ದು ಇದಕ್ಕೇ. ಒಂದು ವೀರ್ಯಕ್ಕೆ, ಒಂದು ಎಕ್ಸ್‌ಟೆಂಡರಿಗೆ. ಎರಡರ ಬಿಸಿಯ ವ್ಯತ್ಯಾಸ 2 ಡಿಗ್ರಿ ದಾಟಬಾರದು. ಎರಡನ್ನೂ ಒಂದೇ ಲೋಟ ನೀರಿಗೆ ಅದ್ದಿ ಒಂದೇ ಅಂಕಿ ತೋರಿಸುತ್ತವಾ ಅಂತ ಆಗಾಗ ನೋಡಿಕೊಳ್ಳಿ, ಥರ್ಮಾಮೀಟರೇ ಸುಳ್ಳು ಹೇಳುತ್ತಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಎಕ್ಸ್‌ಟೆಂಡರನ್ನು ವೀರ್ಯದ ಪಾತ್ರೆಯ ಗೋಡೆಗೆ ತಾಗಿಸಿ ನಿಧಾನವಾಗಿ ಸುರಿಯಿರಿ. ಕುಲುಕಬೇಡಿ, ನೊರೆ ಎಬ್ಬಿಸಬೇಡಿ, ಪಾತ್ರೆಯನ್ನು ಮೆಲ್ಲಗೆ ತಿರುಗಿಸಿದರೆ ಸಾಕು. ಬೆರೆಸಿ ಐದು ನಿಮಿಷ ಬಿಟ್ಟು ಚಲನೆ ಇನ್ನೊಮ್ಮೆ ನೋಡಿ. ಮೊದಲಿಗಿಂತ ಎದ್ದು ಕಾಣುವಷ್ಟು ಇಳಿದಿದ್ದರೆ ತೊಂದರೆ ಎಕ್ಸ್‌ಟೆಂಡರಿನಲ್ಲಿದೆ ಅಥವಾ ಬಿಸಿಯಲ್ಲಿದೆ.

ವಾಟರ್ ಬಾತ್ ನೀರನ್ನು ದಿನಾ ಬದಲಿಸಿ. 37 ಡಿಗ್ರಿಯಲ್ಲಿ ನಿಂತ ನೀರು ಬ್ಯಾಕ್ಟೀರಿಯಾಗಳಿಗೆ ತೊಟ್ಟಿಲು. ಒಂದು ಹನಿ ಬಾಟಲಿಯ ಬಾಯಿಂದ ಒಳಗೆ ಇಳಿದರೆ ಸಾಕು. ಎಕ್ಸ್‌ಟೆಂಡರಿನಲ್ಲಿ ಜೆಂಟಾಮೈಸಿನ್‌ನಂಥ ಆಂಟಿಬಯಾಟಿಕ್ ಇದೆಯಲ್ಲ ಅನ್ನುವ ಧೈರ್ಯ ಬೇಡ. ಅದಕ್ಕೆ ಬಗ್ಗದ ಸೆರೇಷಿಯಾದಂಥ ಬ್ಯಾಕ್ಟೀರಿಯಾಗಳು ವೀರ್ಯದಲ್ಲಿ ಸಿಕ್ಕಿವೆ. ಆಂಟಿಬಯಾಟಿಕ್ ಇರುವುದು ತಪ್ಪಿ ಬಂದ ಕೊಳಕಿಗೆ, ತೊಳೆಯದೆ ಬಿಟ್ಟ ಕೊಳಕಿಗೆ ಅಲ್ಲ.

ಹಂತ 5: ತುಂಬುವುದು

ಟ್ಯೂಬಿನಲ್ಲಿ ಗಾಳಿ ಉಳಿಯದಂತೆ ಒತ್ತಿ ಮುಚ್ಚಿ. ಗಾಳಿಯ ಆಮ್ಲಜನಕ ಪೊರೆಯ ಕೊಬ್ಬನ್ನು ಕೆಡಿಸುತ್ತದೆ. ಪ್ರತಿ ಡೋಸ್ ಮೇಲೂ ಹಂದಿಯ ಗುರುತು ಮತ್ತು ತಾರೀಖು ಬರೆಯಿರಿ. ಅಳಿಸದ ಪೆನ್ನಿನ ಶಾಯಿ ತೆಳು ಪ್ಲಾಸ್ಟಿಕ್ ಮೂಲಕ ಒಳಗೆ ಇಳಿಯಬಹುದು, ಚೀಟಿಯ ಮೇಲೆ ಬರೆದು ಅಂಟಿಸುವುದು ಒಳ್ಳೆಯದು.

ಪ್ಲಾಸ್ಟಿಕ್ ವಿಷಯ ಹಗುರವಾಗಿ ತಗೋಬೇಡಿ. 2010ರಲ್ಲಿ ಸ್ಪೇನ್‌ನ ಹಲವು ಹಂದಿ ಸಾಕಣೆಗಳಲ್ಲಿ ಗರ್ಭ ನಿಲ್ಲುವುದು ಇದ್ದಕ್ಕಿದ್ದಂತೆ ಕುಸಿಯಿತು. ಹುಡುಕುತ್ತ ಹೋದರೆ ಕಾರಣ ಸಿಕ್ಕಿದ್ದು ವೀರ್ಯ ತುಂಬಿದ ಪದರ ಪದರದ ಪ್ಲಾಸ್ಟಿಕ್ ಚೀಲದಲ್ಲಿ. ಅದರಿಂದ ರಾಸಾಯನಿಕಗಳು ವೀರ್ಯಕ್ಕೆ ಸೋರಿದ್ದವು. ಮಾಮೂಲಿ ಪರೀಕ್ಷೆಯಲ್ಲಿ ಆ ವೀರ್ಯ ಚೆನ್ನಾಗಿಯೇ ಕಾಣುತ್ತಿತ್ತು ಅನ್ನುವುದು ಭಯ ಹುಟ್ಟಿಸುವ ಭಾಗ. ಅದಕ್ಕೇ ವೀರ್ಯಕ್ಕೆಂದೇ ಮಾಡಿದ ಚೀಲ, ಟ್ಯೂಬ್ ಬಿಟ್ಟು ಬೇರೆ ಯಾವ ಬಾಟಲಿಗೂ ತುಂಬಬೇಡಿ.

ಹಂತ 6: ತಣಿಸುವುದು

ಅವಸರ ಮಾಡಿ ಕೆಡಿಸುವುದು ಹೆಚ್ಚಾಗಿ ಇಲ್ಲೇ. ಬೆಚ್ಚಗಿನ ಡೋಸನ್ನು ನೇರ 17 ಡಿಗ್ರಿ ಪೆಟ್ಟಿಗೆಗೆ ಇಡಬೇಡಿ. 20-22 ಡಿಗ್ರಿ ಇರುವ ಕೋಣೆಯಲ್ಲಿ, ಒಂದರ ಮೇಲೊಂದು ಹೇರದೆ, ಹರಡಿ, ಮೇಲೆ ಬಟ್ಟೆ ಮುಚ್ಚಿ 60ರಿಂದ 90 ನಿಮಿಷ ಬಿಡಿ. ಬಟ್ಟೆ ಬೆಳಕಿಗಾಗಿ. ಬಿಸಿಲು, ಅದರಲ್ಲೂ ನೇರಳಾತೀತ ಕಿರಣ, ವೀರ್ಯಾಣುವಿಗೆ ಆಗದು. ಎಸಿ ಹಾಕಿದ್ದರೆ ಗಾಳಿ ನೇರ ಬಡಿಯುವ ಜಾಗ ಬಿಟ್ಟು ಇಡಿ.

ನಿಧಾನವಾಗಿ ತಣಿದರೆ ಪೊರೆ ಹೊಂದಿಕೊಳ್ಳುತ್ತದೆ. ಅದಲ್ಲದೆ ಇನ್ನೊಂದು ಲಾಭ ಇದೆ. ಬಿಸಿ ಡೋಸುಗಳನ್ನು ಒಟ್ಟಿಗೆ ಪೆಟ್ಟಿಗೆಗೆ ತುರುಕಿದರೆ, ಅಲ್ಲಿ ನಿನ್ನೆಯಿಂದ 17ರಲ್ಲಿ ತಣ್ಣಗೆ ಮಲಗಿದ್ದ ಡೋಸುಗಳೂ ಬೆಚ್ಚಗಾಗುತ್ತವೆ. ಅದು ತಪ್ಪುತ್ತದೆ.

ಹಂತ 7: ಪೆಟ್ಟಿಗೆಯಲ್ಲಿ

ಪೆಟ್ಟಿಗೆ ತಣ್ಣಗೆ ಮಾಡುವುದಷ್ಟೇ ಅಲ್ಲ, ಬೆಚ್ಚಗೂ ಮಾಡುವಂತಿರಬೇಕು. ಚಳಿ ರಾತ್ರಿಯಲ್ಲಿ ಹೊರಗೆ 10 ಡಿಗ್ರಿ ಇದ್ದರೆ ತಣ್ಣಗೆ ಮಾತ್ರ ಮಾಡಬಲ್ಲ ಪೆಟ್ಟಿಗೆ ಏನು ತಾನೇ ಮಾಡೀತು?

ಬಾಗಿಲ ಮೇಲೆ ಹೊಳೆಯುವ ಅಂಕಿಯನ್ನು ನಂಬಬೇಡಿ. ಅದು ಸೆನ್ಸಾರ್ ಇರುವ ಜಾಗದ ಗಾಳಿಯ ಬಿಸಿ ಅಷ್ಟೇ. ಒಂದು ಟ್ಯೂಬಿಗೆ ಎಕ್ಸ್‌ಟೆಂಡರ್ ತುಂಬಿ, ಅದರೊಳಗೆ ಕನಿಷ್ಠ-ಗರಿಷ್ಠ ಥರ್ಮಾಮೀಟರಿನ ತಂತಿ ಇಳಿಬಿಟ್ಟು, ಡೋಸುಗಳ ನಡುವೆಯೇ ಮಲಗಿಸಿ. ಡೋಸ್ ಒಳಗೆ ನಿಜವಾಗಿ ಎಷ್ಟಿದೆ ಅಂತ ತಿಳಿಯುವುದು ಹೀಗೆ. ದಿನಾ ಬೆಳಗ್ಗೆ ಕನಿಷ್ಠ, ಗರಿಷ್ಠ ಎರಡೂ ಬರೆದು ಗುಂಡಿ ಒತ್ತಿ ಅಳಿಸಿ. ಬೆಳಗ್ಗೆ 17, ಸಂಜೆ 17 ಅಂತ ಪುಸ್ತಕದಲ್ಲಿ ಬರೆದಿರುತ್ತದೆ, ರಾತ್ರಿ ಎರಡು ಗಂಟೆಗೆ 13ಕ್ಕೆ ಇಳಿದದ್ದು ಯಾರಿಗೂ ಗೊತ್ತಿರುವುದಿಲ್ಲ. ನನ್ನ ಪ್ರಕಾರ ಸದಾ 16.5ರಲ್ಲೋ 17.5ರಲ್ಲೋ ನಿಂತಿರುವ ಪೆಟ್ಟಿಗೆ, ಸರಾಸರಿ ಸರಿಯಾಗಿ 17 ತೋರಿಸುತ್ತ 14ರಿಂದ 20ರ ನಡುವೆ ಓಲಾಡುವ ಪೆಟ್ಟಿಗೆಗಿಂತ ಎಷ್ಟೋ ವಾಸಿ.

ಡೋಸುಗಳನ್ನು ಅಡ್ಡ ಮಲಗಿಸಿ, ನಡುವೆ ಗಾಳಿ ಆಡಲು ಜಾಗ ಬಿಡಿ, ಗೋಡೆಗೆ ಒತ್ತಬೇಡಿ. ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ, ಐಸ್ ಅಂತೂ ಇಡಲೇಬೇಡಿ. ಕರೆಂಟ್ ಬಂದ ಮೇಲೆ ಕನಿಷ್ಠ-ಗರಿಷ್ಠ ನೋಡಿ ತೀರ್ಮಾನ ಮಾಡಿ.

ಇನ್ನು ತಳದಲ್ಲಿ ಕೂರುವ ಬಿಳಿ ಪದರ. ಅದು ಕೆಟ್ಟದ್ದರ ಗುರುತಲ್ಲ. 17 ಡಿಗ್ರಿಯಲ್ಲಿ ವೀರ್ಯಾಣುಗಳ ಚಲನೆ ಬಹಳ ಕಡಿಮೆ ಆಗುವುದರಿಂದ ತಳಕ್ಕೆ ಇಳಿಯುತ್ತವೆ. ಅದಕ್ಕಾಗಿ ದಿನಕ್ಕೆರಡು ಸಲ ಡೋಸ್ ತಿರುಗಿಸಬೇಕು ಅಂತ ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ಈಚಿನ ಪ್ರಯೋಗಗಳಲ್ಲಿ ತಿರುಗಿಸಿದ್ದರಿಂದ ಹೇಳಿಕೊಳ್ಳುವ ಲಾಭ ಕಂಡಿಲ್ಲ, ಯಂತ್ರದಲ್ಲಿ ಒಂದೇ ಸಮನೆ ತಿರುಗಿಸಿದಾಗ ಪಿಎಚ್ ಏರಿ ಕೆಡುಕೇ ಆದದ್ದೂ ಇದೆ. ಗಾಳಿ ಇಲ್ಲದೆ ತುಂಬಿ ಅಡ್ಡ ಮಲಗಿಸಿದ ಡೋಸನ್ನು ಅದರ ಪಾಡಿಗೆ ಬಿಡಿ, ಬಳಸುವ ಮುಂಚೆ ಒಮ್ಮೆ ಮೆಲ್ಲಗೆ ಬೆರೆಸಿ ಅನ್ನುವುದು ನನ್ನ ಸಲಹೆ. ತಿರುಗಿಸುವ ನೆಪದಲ್ಲಿ ದಿನಕ್ಕೆರಡು ಸಲ ಬಾಗಿಲು ತೆರೆಯುವುದೂ ತಪ್ಪುತ್ತದೆ.

ಹಂತ 8: ಬಳಸುವ ಮುನ್ನ

ಪೆಟ್ಟಿಗೆಯಿಂದ ತೆಗೆದ ಹನಿಯನ್ನು ನೇರ ಸೂಕ್ಷ್ಮದರ್ಶಕಕ್ಕೆ ಇಟ್ಟು "ಎಲ್ಲ ಸತ್ತಿವೆ" ಅಂತ ಗಾಬರಿ ಬೀಳುವವರು ಬಹಳ. ಅವು ಸತ್ತಿಲ್ಲ, ತಣ್ಣಗಿವೆ. ಡೋಸನ್ನು ಮೆಲ್ಲಗೆ ಬೆರೆಸಿ, ಒಂದೆರಡು ಮಿ.ಲೀ. ಚಿಕ್ಕ ಟ್ಯೂಬಿಗೆ ಹಾಕಿ, ಮುಚ್ಚಿ, 37 ಡಿಗ್ರಿಯಲ್ಲಿ 10-15 ನಿಮಿಷ ಬೆಚ್ಚಗೆ ಮಾಡಿ ಆಮೇಲೆ ನೋಡಿ. 60ಕ್ಕಿಂತ ಕೆಳಗಿದ್ದರೆ ಚೆಲ್ಲಿ. ತಲೆಗೆ ತಲೆ ಅಂಟಿ ಗುಂಪು ಗುಂಪಾಗಿ, ಬಾಲ ಮಾತ್ರ ಹೊರಗೆ ಬಡಿಯುತ್ತ ಇರುವುದು ಕಂಡರೆ ಬ್ಯಾಕ್ಟೀರಿಯಾ ಮೇಲೆ ಮೊದಲ ಅನುಮಾನ ಪಡಿ, ಒಂದನೇ ಮತ್ತು ಎರಡನೇ ಹಂತದ ಸ್ವಚ್ಛತೆಯನ್ನು ಮತ್ತೆ ನೋಡಿ.

ಚಲನೆಯೊಂದೇ ಎಲ್ಲವನ್ನೂ ಹೇಳುವುದಿಲ್ಲ ಅನ್ನುವುದೂ ತಿಳಿದಿರಲಿ. ಚಳಿ ಹೊಡೆತ ತಿಂದ ವೀರ್ಯ ಕೆಲವೊಮ್ಮೆ ಗಾಜಿನ ಮೇಲೆ ಓಡಾಡುತ್ತಲೇ ಇರುತ್ತದೆ, ಗರ್ಭ ಮಾತ್ರ ನಿಲ್ಲುವುದಿಲ್ಲ. ಥರ್ಮಾಮೀಟರ್ ಪುಸ್ತಕದಲ್ಲಿ 15ಕ್ಕಿಂತ ತೀರಾ ಕೆಳಗೆ ಗಂಟೆಗಟ್ಟಲೆ ಇದ್ದದ್ದು ಕಂಡರೆ ಚಲನೆ ಚೆನ್ನಾಗಿದ್ದರೂ ನಾನಾದರೆ ಬಳಸುವುದಿಲ್ಲ.

ಕೊಟ್ಟಿಗೆಗೆ ಒಯ್ಯುವಾಗ ಥರ್ಮಾಕೋಲ್ ಪೆಟ್ಟಿಗೆ, ಒಳಗೆ 17 ಡಿಗ್ರಿಗೆ ತಂದ ಜೆಲ್ ಪ್ಯಾಕ್. ಫ್ರೀಜರಿನಿಂದ ತೆಗೆದ ಜೆಲ್ ಪ್ಯಾಕ್ ಅಲ್ಲ. ಡೋಸುಗಳು ಅಲುಗಾಡದಂತೆ ಸಂದಿಗೆ ಬಟ್ಟೆ ತುಂಬಿ, ದಾರಿಯ ಕುಲುಕಾಟವೂ ವೀರ್ಯಕ್ಕೆ ಒಳ್ಳೆಯದಲ್ಲ. ಅವತ್ತು ಬೇಕಾಗುವಷ್ಟೇ ಒಯ್ಯಿರಿ. ಹೊರಗೆ ಹೋಗಿ ಬೆಚ್ಚಗಾದ ಡೋಸನ್ನು ಮತ್ತೆ ಪೆಟ್ಟಿಗೆಗೆ ಸೇರಿಸಬೇಡಿ. ಗರ್ಭಧಾರಣೆ ಮಾಡುವಾಗ ಡೋಸನ್ನು ಬೆಚ್ಚಗೆ ಮಾಡಲೇಬೇಕು ಅಂತಿಲ್ಲ, 17 ಡಿಗ್ರಿಯಲ್ಲೇ ಕೊಡಬಹುದು, ಹೆಣ್ಣು ಹಂದಿಯ ಮೈಬಿಸಿ ಆ ಕೆಲಸ ಮಾಡುತ್ತದೆ. ಡೋಸ್ ಹಳೆಯದಾದಷ್ಟೂ ಬೆದೆಯ ಸಮಯ ನಿಖರವಾಗಿ ಗೊತ್ತಿರಬೇಕು, ಯಾಕೆಂದರೆ ಹಳೆಯ ವೀರ್ಯಾಣು ಗರ್ಭಕೋಶದ ಒಳಗೂ ಕಡಿಮೆ ಹೊತ್ತು ಬದುಕುತ್ತದೆ. ಕೈಯಲ್ಲಿ ಎರಡೂ ಇದ್ದರೆ ಹೊಸದನ್ನು ಬೆದೆಯ ಹೊತ್ತು ಸರಿಯಾಗಿ ತಿಳಿಯದ ಹಂದಿಗೆ ಕೊಡಿ, ಹಳೆಯದನ್ನು ಬೆನ್ನು ಒತ್ತಿದರೆ ಅಲುಗದೆ ನಿಂತು ಸ್ಪಷ್ಟವಾಗಿ ಬೆದೆ ತೋರುವ ಹಂದಿಗೆ ಕೊಡಿ.

ಪ್ರತಿ ಸಂಗ್ರಹದಿಂದ ಒಂದು ಡೋಸ್ ಮಾರದೆ, ಬಳಸದೆ ಎತ್ತಿಡಿ. ಎಕ್ಸ್‌ಟೆಂಡರ್ ಪ್ಯಾಕೆಟ್ಟಿನ ಮೇಲೆ ಎಷ್ಟು ದಿನ ಅಂತ ಬರೆದಿದೆಯೋ ಆ ಕೊನೆಯ ದಿನ ಅದನ್ನು ತೆರೆದು ಚಲನೆ ನೋಡಿ, ಹಂದಿಯ ಗುರುತಿನ ಮುಂದೆ ಬರೆದಿಡಿ. ಒಂದೇ ಎಕ್ಸ್‌ಟೆಂಡರಿನಲ್ಲಿ ಒಂದು ಹಂದಿಯದ್ದು ಐದನೇ ದಿನಕ್ಕೂ ಚುರುಕಾಗಿ ಇರುತ್ತದೆ, ಇನ್ನೊಂದರದ್ದು ಮೂರಕ್ಕೇ ಸೋಲುತ್ತದೆ. ಯಾವುದನ್ನು ಯಾವ ದಿನದೊಳಗೆ ಮುಗಿಸಬೇಕು ಅನ್ನುವ ಪಟ್ಟಿ ಅಲ್ಲಿಂದ ತಯಾರಾಗುತ್ತದೆ.